ವ್ಯಾಕ್ಯೂಮ್ ಫಿಕ್ಸ್ಚರ್‌ಗೆ ಯಾವ ಪಂಪ್ ತಗೊಳ್ಳೋದು? ಮೈಕ್ರಾನ್ ನೋಡಿ ಮರುಳಾಗಬೇಡಿ

ನಮ್ಮದು ಪೀಣ್ಯದಲ್ಲಿ ಒಂದು ಸಣ್ಣ ಶೆಡ್ಡು. ಒಂದು ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷೀನು), ಒಂದು ಹಳೇ ಲೇತು, ಒಂದು ಡ್ರಿಲ್ಲಿಂಗ್ ಮಷೀನು, ಮೂರು ಜನ ಹುಡುಗರು. ಎರಡು ವರ್ಷದ ಹಿಂದೆ 6 ಎಂಎಂ ದಪ್ಪದ ಅಲ್ಯೂಮಿನಿಯಂ ಪ್ಲೇಟಿನ ಆರ್ಡರ್ ಬಂತು. 300ಕ್ಕೆ 200 ಸೈಜು, ಮೇಲೆಲ್ಲ ಪಾಕೆಟ್, ಅಂದರೆ ಕೊರೆದ ಗುಂಡಿ. ವೈಸಿನಲ್ಲಿ ಹಿಡಿದರೆ ಮಷೀನ್ ಮೇಲೆ ಇರುವ ತನಕ ಸಪಾಟಾಗಿ ಇರುತ್ತಿತ್ತು, ವೈಸ್ ಬಿಚ್ಚಿದ ತಕ್ಷಣ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಮೇಲಿಂದ ಕ್ಲ್ಯಾಂಪ್ ಹಾಕೋಣ ಅಂದರೆ ಟೂಲ್‌ಗೆ ಅಡ್ಡ. ಸರಿ, ವ್ಯಾಕ್ಯೂಮ್ ಫಿಕ್ಸ್ಚರ್, ಅಂದರೆ ಕೆಳಗಿನ ಗಾಳಿ ತೆಗೆದು ಪ್ಲೇಟನ್ನು ಹಿಡಿಯುವ ಹಾಸು, ಮಾಡೋಣ ಅಂತ ಹೊರಟೆ. ಫಿಕ್ಸ್ಚರ್ ಎರಡು ದಿನದಲ್ಲಿ ರೆಡಿ ಆಯಿತು. ಪಂಪ್ ಸರಿಯಾಗಿ ಆರಿಸೋದಕ್ಕೆ ಆರು ತಿಂಗಳು ಬೇಕಾಯಿತು, ಯಾಕಂದ್ರೆ ಮೊದಲು ತಂದದ್ದು ಪೂರ್ತಿ ತಪ್ಪು, ಎರಡನೇದು ಅರ್ಧ ತಪ್ಪು.

ನಾನು ಮಾಡಿದ ತಪ್ಪು ನಿಮಗೆ ಬೇಡ. ಪಂಪ್ ಎಷ್ಟು ಆಳದ ವ್ಯಾಕ್ಯೂಮ್ ಎಳೆಯುತ್ತದೆ, ಎಷ್ಟು ಮೈಕ್ರಾನ್ (ಒಳಗೆ ಉಳಿದ ಒತ್ತಡ, ಪಾದರಸದ ಒಂದು ಎಂಎಂನ ಸಾವಿರದಲ್ಲಿ ಒಂದು ಪಾಲು; ಕಮ್ಮಿ ಇದ್ದಷ್ಟೂ ಆಳ) ಅಂತ ಎಲ್ಲರೂ ಕೇಳುತ್ತಾರೆ. ನಮ್ಮಂಥ ಕೆಲಸಕ್ಕೆ ಕೇಳಬೇಕಾದದ್ದು ಅದಲ್ಲ. ಸೋರುವ ಗಾಳಿಯನ್ನು ಎಷ್ಟು ಬೇಗ ಎತ್ತಿ ಹಾಕುತ್ತದೆ, ಕೂಲಂಟ್ (ಕಟ್ ಮಾಡುವಾಗ ತಂಪಿಗೆ ಸುರಿಯುವ ದ್ರವ) ಒಳಗೆ ಹೋದರೆ ಬದುಕುತ್ತದಾ, ಈ ಎರಡನ್ನು ಕೇಳಬೇಕು.

ಮೊದಲು ಗೇಜಿನ ಕಥೆ

ಮೊದಲ ಪಂಪ್ ತಂದ ದಿನ ಬಾಯಿಗೆ ಗೇಜ್ ಕಟ್ಟಿ ಚಾಲೂ ಮಾಡಿದೆ. ಮುಳ್ಳು 680 ಎಂಎಂ ಹತ್ತಿರ ಬಂದು ನಿಂತುಬಿಟ್ಟಿತು. ಶಾಲೆಯಲ್ಲಿ 760 ಅಂತ ಓದಿದ್ದು ನೆನಪಿತ್ತು. ಮೋಸ ಆಯಿತು ಅಂದುಕೊಂಡು ಪಂಪನ್ನು ಗಾಡಿಗೆ ಹಾಕಿಕೊಂಡು ಗೊತ್ತಿರುವ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಂಪ್ ಮುಟ್ಟಲೂ ಇಲ್ಲ. "ಗೇಜ್ ಎಲ್ಲಿ ನಿಲ್ತು?" ಅಂತ ಕೇಳಿದರು. ಹೇಳಿದೆ. "ಇದು ಬೆಂಗಳೂರು ಸ್ವಾಮಿ, ಚೆನ್ನೈ ಅಲ್ಲ. ಪಂಪ್ ಚೆನ್ನಾಗಿದೆ, ಮನೆಗೆ ತಗೊಂಡು ಹೋಗಿ" ಅಂದರು.

ವಿಷಯ ಸುಲಭ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್, ಅಂದರೆ ಪಾದರಸದ 760 ಎಂಎಂ. ನಮ್ಮ ಊರು ಇರೋದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ 910 ಮಿಲಿಬಾರ್ ಆಸುಪಾಸು. ವ್ಯಾಕ್ಯೂಮ್ ಪಂಪ್ ಏನನ್ನೂ ಹಿಡಿದು ಎಳೆಯೋದಿಲ್ಲ, ಕೆಳಗಿನ ಗಾಳಿ ತೆಗೆಯುತ್ತದೆ ಅಷ್ಟೇ. ಜಾಬನ್ನು, ಅಂದರೆ ಕಟ್ ಮಾಡುವ ತುಂಡನ್ನು, ಒತ್ತಿ ಹಿಡಿಯೋದು ಮೇಲಿನ ಗಾಳಿ. ಮೇಲಿನ ಗಾಳಿಯೇ 910 ಇದ್ದಾಗ ಎಂಥಾ ಪಂಪ್ ತಂದರೂ ಗೇಜು 680ರಿಂದ 685ರ ಮೇಲೆ ತೋರಿಸೋದಿಲ್ಲ. ಇಂಚಿನಲ್ಲಿ ಹೇಳಿದರೆ 27. ವಿಡಿಯೋ ನೋಡಿಕೊಂಡು 29 ಇಂಚು ಬರಲಿಲ್ಲ ಅಂತ ಪಂಪ್ ವಾಪಸ್ ಮಾಡಿದವರನ್ನು ನಾನೇ ನೋಡಿದ್ದೇನೆ. ಸಿಲಿಕೋನ್ ಅಚ್ಚು ಮಾಡುವವರೂ, ನಗರ್ತಪೇಟೆ ಕಡೆ ಬಂಗಾರದ ಕಾಸ್ಟಿಂಗ್ ಮಾಡುವವರೂ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು, ಪುಸ್ತಕದಲ್ಲಿ ಬರೆದಿರುವ ಗೇಜ್ ನಂಬರ್ ಇಲ್ಲಿ ಬರೋದೇ ಇಲ್ಲ.

ಇದರಿಂದ ಇನ್ನೊಂದು ಲೆಕ್ಕ ಸಿಗುತ್ತದೆ. ಪೂರ್ತಿ ವ್ಯಾಕ್ಯೂಮ್ ಆದರೂ ಬೆಂಗಳೂರಿನಲ್ಲಿ ಚದರ ಸೆಂಟಿಮೀಟರಿಗೆ 0.93 ಕೆಜಿಗಿಂತ ಜಾಸ್ತಿ ಹಿಡಿತ ಸಿಗೋದಿಲ್ಲ. ಒಳಗೆ 100 ಮಿಲಿಬಾರ್ ಉಳಿದಿದ್ದರೆ 0.83 ಸಿಗುತ್ತದೆ. 10 ಮಿಲಿಬಾರಿಗೆ ಇಳಿಸಿದರೆ 0.92. ಅಲ್ಲಿಂದ ಮೈಕ್ರಾನ್ ಲೆಕ್ಕದ ಪಂಪ್ ಹಾಕಿ 0.03 ಮಿಲಿಬಾರಿಗೆ ಇಳಿಸಿದರೆ ಹಿಡಿತದಲ್ಲಿ ಬರುವ ವ್ಯತ್ಯಾಸ ನೂರಕ್ಕೆ ಒಂದು. ಒಂದಕ್ಕೋಸ್ಕರ ದುಡ್ಡು ಸುರಿಯಬೇಕಾ?

ಎಷ್ಟು ಹಿಡಿಯುತ್ತದೆ

ನಮ್ಮ 300ಕ್ಕೆ 200 ಪ್ಲೇಟಿನಲ್ಲಿ ಓ-ರಿಂಗ್ ಕಾರ್ಡಿನ (ಗಾಳಿ ಸೋರದಂತೆ ಸುತ್ತ ಹಾಕುವ ರಬ್ಬರ್ ದಾರ, ಇದೇ ಸೀಲ್) ಒಳಗೆ ಸಿಗೋದು 280ಕ್ಕೆ 180, ಅಂದರೆ 504 ಚದರ ಸೆಂಟಿಮೀಟರ್. ಗೇಜು 600 ಎಂಎಂ ತೋರಿಸುತ್ತಿದ್ದರೆ ಒಟ್ಟು 410 ಕೆಜಿ ಭಾರ ಮೇಲೆ ಕೂತ ಹಾಗೆ. ಕೇಳೋದಕ್ಕೆ ಭರ್ಜರಿ. ಆದರೆ ಇದು ಕೆಳಗೆ ಒತ್ತುವ ಭಾರ, ಎಂಡ್ ಮಿಲ್, ಅಂದರೆ ಮಷೀನಿನ ಕಟರ್, ತಳ್ಳೋದು ಪಕ್ಕಕ್ಕೆ. ಪಕ್ಕಕ್ಕೆ ತಡೆಯೋದು ಬರೀ ಘರ್ಷಣೆ, ಅದೂ ಕೂಲಂಟ್ ಹರಿದಾಡುವ ಜಾಗದಲ್ಲಿ. ಐದರಲ್ಲಿ ಒಂದು ಪಾಲು ಅಂತ ಇಟ್ಟುಕೊಳ್ಳಿ, 80 ಕೆಜಿ. ಅದಕ್ಕೇ ಪಕ್ಕಕ್ಕೆ ಎರಡು ಕಡೆ ಡೋವೆಲ್ ಪಿನ್ ಅಥವಾ ಸ್ಟಾಪರ್ ಇಡಲೇಬೇಕು. 3 ಎಂಎಂ ಎತ್ತರ ಇದ್ದರೂ ಸಾಕು.

ಅದೇ ಜಾಬು 50ಕ್ಕೆ 50 ಇದ್ದರೆ? 25 ಚದರ ಸೆಂಟಿಮೀಟರ್, 20 ಕೆಜಿ, ಪಕ್ಕಕ್ಕೆ 4 ಕೆಜಿ. 10 ಎಂಎಂ ಕಟರ್ ಒಂದೇ ಏಟಿಗೆ ಎತ್ತಿ ಎಸೆಯುತ್ತದೆ. ಸಣ್ಣ ಜಾಬಿಗೆ ವ್ಯಾಕ್ಯೂಮ್ ಬೇಡ, ವೈಸಿಗೆ ಸಾಫ್ಟ್ ಜಾ (ಜಾಬಿನ ಆಕಾರಕ್ಕೆ ಕೊರೆದ ಮೆತ್ತನೆ ಲೋಹದ ದವಡೆ) ಮಾಡಿಕೊಳ್ಳಿ. ಪಂಪ್ ಬದಲಾಯಿಸಿದರೆ ಸರಿ ಹೋಗುತ್ತೇನೋ ಅಂತ ಯೋಚನೆಯೂ ಮಾಡಬೇಡಿ.

3 ಎಂಎಂ ತೂತು ಏನು ಮಾಡುತ್ತದೆ

ಇದು ನನಗೆ ತಡವಾಗಿ ಹೊಳೆದ ವಿಷಯ. ಸ್ವಲ್ಪ ನಿಧಾನಕ್ಕೆ ಓದಿ.

ಪಂಪಿನ ಮೇಲೆ 5 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಅಂತ ಬರೆದಿರುತ್ತಾರೆ. ಅಂದರೆ ನಿಮಿಷಕ್ಕೆ 140 ಲೀಟರ್. ಆದರೆ ಅದು ಹೊರಗಿನ ದಪ್ಪ ಗಾಳಿಯ 140 ಲೀಟರ್ ಅಲ್ಲ, ಆ ಹೊತ್ತಿಗೆ ಪಂಪಿನ ಬಾಯಿಗೆ ಬರುವ ಗಾಳಿ ಎಷ್ಟು ತೆಳುವಾಗಿದೆಯೋ ಅದರ 140 ಲೀಟರ್. ವ್ಯಾಕ್ಯೂಮ್ ಜಾಸ್ತಿ ಆದಷ್ಟೂ ಪ್ರತಿ ಲೀಟರಿನಲ್ಲಿ ಇರುವ ಗಾಳಿ ಕಮ್ಮಿ, ಹಾಗಾಗಿ ಪಂಪ್ ಅಷ್ಟೇ ಜೋರಾಗಿ ತಿರುಗುತ್ತಿದ್ದರೂ ಹೊರಗೆ ಹಾಕೋದು ಚೂರು ಚೂರು.

ಈಗ ಜಾಬಿನಲ್ಲಿ 3 ಎಂಎಂ ತೂತು ಆರ್‌ಪಾರ್ ಹೊಡೆದಿರಿ ಅಂತ ಇಟ್ಟುಕೊಳ್ಳಿ, ಅದೂ ಸೀಲಿನ ಒಳಗಡೆ. ಆ ತೂತಿನಿಂದ ನಿಮಿಷಕ್ಕೆ ಸುಮಾರು 70 ಲೀಟರ್ ಹೊರಗಾಳಿ ನುಗ್ಗುತ್ತದೆ. 140 ಲೀಟರ್ ಪಂಪ್ ಅದನ್ನು ಸರಿದೂಗಿಸಬೇಕು ಅಂದರೆ ಒಳಗಿನ ಒತ್ತಡ ಅರ್ಧಕ್ಕೆ ಏರಲೇಬೇಕು, 455 ಮಿಲಿಬಾರ್. ಅಂದರೆ ಹಿಡಿತ ಅರ್ಧಕ್ಕೆ ಅರ್ಧ ಹೋಯಿತು. ಈ ಪಂಪ್ 20 ಮೈಕ್ರಾನ್‌ದೋ 200 ಮೈಕ್ರಾನ್‌ದೋ ಅನ್ನೋದು ಇಲ್ಲಿ ಲೆಕ್ಕಕ್ಕೇ ಬರೋದಿಲ್ಲ. ಅದೇ ಜಾಗದಲ್ಲಿ ಗಂಟೆಗೆ 20 ಕ್ಯೂಬಿಕ್ ಮೀಟರಿನ, ಅಂದರೆ 330 ಲೀಟರ್ ಚಿಲ್ಲರೆಯ ಪಂಪ್ ಇದ್ದರೆ ಒಳಗಿನ ಒತ್ತಡ 190 ಮಿಲಿಬಾರಿನಲ್ಲೇ ನಿಲ್ಲುತ್ತದೆ. ಜಾಬು ಅಲ್ಲಾಡೋದಿಲ್ಲ.

1 ಎಂಎಂ ತೂತಾದರೆ ಬರೋದು ಎಂಟು ಲೀಟರ್ ಅಷ್ಟೇ, ಯಾವ ಪಂಪಾದರೂ ತಡೆಯುತ್ತದೆ. ತೂತಿನ ವ್ಯಾಸ ಮೂರು ಪಟ್ಟಾದರೆ ಸೋರಿಕೆ ಒಂಬತ್ತು ಪಟ್ಟು. ಅದಕ್ಕೆ ಆರ್‌ಪಾರ್ ಡ್ರಿಲ್ಲಿಂಗನ್ನು ಬೇರೆ ಸೆಟಪ್ಪಿನಲ್ಲಿ ಮಾಡೋದು ವಾಸಿ, ಆಗಲ್ಲ ಅಂದರೆ ಆ ತೂತು ಬರುವ ಜಾಗದ ಸುತ್ತ ಇನ್ನೊಂದು ಸೀಲ್ ಗ್ರೂವ್ ತೋಡಿ ಅದನ್ನು ದ್ವೀಪ ಮಾಡಿಬಿಡಿ.

ಈಗ ಒಂದೊಂದೇ ಪಂಪ್ ನೋಡೋಣ.

ಎಸಿ ಮೆಕ್ಯಾನಿಕ್ ಪಂಪ್

ನಾನು ಮೊದಲು ತಂದದ್ದು ಇದನ್ನೇ. ಎರಡು ಸ್ಟೇಜಿನದು, ಸಿಂಗಲ್ ಫೇಸ್, ಹಿಡಿಕೆ ಇರುತ್ತದೆ, ಕೈಯಲ್ಲಿ ಹಿಡಿದು ಓಡಾಡಬಹುದು. ಎಲ್ಲಕ್ಕಿಂತ ಅಗ್ಗ, ಎಸ್‌ಪಿ ರೋಡ್ ಕಡೆ ಹೋದರೆ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಡಬ್ಬದ ಮೇಲೆ 15 ಮೈಕ್ರಾನ್ ಅಂತ ದೊಡ್ಡದಾಗಿ ಬರೆದಿತ್ತು, ನಾನೂ ಮರುಳಾದೆ.

ಇದು ಕೆಟ್ಟ ಪಂಪ್ ಅಲ್ಲ. ಇದರ ಕೆಲಸವೇ ಬೇರೆ. ಎಸಿ ಪೈಪಿನ ಒಳಗೆ ಉಳಿದ ತೇವ ಆರಿ ಹೋಗಬೇಕು ಅಂತ ಮೆಕ್ಯಾನಿಕ್‌ಗಳು 500 ಮೈಕ್ರಾನ್ ಕೆಳಗೆ ಎಳೆಯುತ್ತಾರೆ. ಪೈಪ್ ಬೆಸುಗೆ ಆಗಿ ಮುಚ್ಚಿರುತ್ತದೆ, ಒಂದೆರಡು ನಿಮಿಷದಲ್ಲಿ ಗಾಳಿಯೆಲ್ಲ ಖಾಲಿ, ಆಮೇಲೆ ಪಂಪಿಗೆ ಭಾರವೇ ಇಲ್ಲ. ನಮ್ಮ ಫಿಕ್ಸ್ಚರಿನಲ್ಲಿ ದಿನವಿಡೀ ಸೋರಿಕೆ. ಗಾಳಿ ಒಂದೇ ಸಮನೆ ಹರಿಯುತ್ತಿದ್ದರೆ ಪಂಪಿನ ಎಣ್ಣೆ ಮಂಜಿನ ಹಾಗೆ ಎಕ್ಸಾಸ್ಟಿನಿಂದ ಹೊರಗೆ ಬರುತ್ತದೆ. ಮೂರನೇ ದಿನಕ್ಕೆ ಶೆಡ್ಡಿನ ಒಳಗೆ ನೀಲಿ ಹೊಗೆ, ಪಕ್ಕದ ಶೆಡ್ಡಿನವರು ಬಂದು "ಏನ್ ಸಾರ್, ಸೊಳ್ಳೆ ಹೊಗೆ ಹಾಕ್ತಿದೀರಾ?" ಅಂತ ಕೇಳಿದರು.

ಅದನ್ನಾದರೂ ಸಹಿಸಬಹುದಿತ್ತು. ಎಂಟನೇ ದಿನ ಆಪರೇಟರ್ ಹುಡುಗ ಕರೆದ. "ಸಾರ್, ಪಂಪ್ ಒಳಗೆ ಮಜ್ಜಿಗೆ ಆಗಿದೆ." ಸೈಟ್ ಗ್ಲಾಸಿನಲ್ಲಿ, ಅಂದರೆ ಎಣ್ಣೆ ಕಾಣುವ ಗಾಜಿನ ಕಿಂಡಿಯಲ್ಲಿ, ನೋಡಿದರೆ ನಿಜವಾಗಿಯೂ ಬೆಳ್ಳಗೆ ನೊರೆ ನೊರೆ. ಸೀಲಿನ ಪಕ್ಕದಿಂದ ಕೂಲಂಟ್ ಒಳಗೆ ನುಸುಳಿ, ಪೈಪಿನಲ್ಲಿ ಹಾದು, ಪಂಪಿನ ಎಣ್ಣೆ ಜೊತೆ ಕಡೆದುಕೊಂಡಿತ್ತು. ಟ್ರ್ಯಾಪ್ (ಮಧ್ಯದಲ್ಲೇ ಕೂಲಂಟ್ ಹಿಡಿಯುವ ಟ್ಯಾಂಕ್) ಇಟ್ಟಿರಲಿಲ್ಲ, ತಪ್ಪು ನನ್ನದೇ. ಎಣ್ಣೆ ಬದಲಾಯಿಸಿದೆ, ಮತ್ತೆ ನಾಲ್ಕು ದಿನಕ್ಕೆ ಮಜ್ಜಿಗೆ. ಆಮೇಲೆ ವೇನ್ (ಒಳಗೆ ತಿರುಗುತ್ತಾ ಗಾಳಿ ತಳ್ಳುವ ಪಟ್ಟಿ) ಜಾಮ್ ಆಗಿ ಪಂಪ್ ತಿರುಗೋದನ್ನೇ ನಿಲ್ಲಿಸಿತು.

ಹಾಗಾದರೆ ಯಾರಿಗೆ ಇದು ಸರಿ? ಒಣ ಕೆಲಸ, ಒಳ್ಳೆಯ ಸೀಲ್, ವಾರಕ್ಕೆ ಒಂದೆರಡು ಗಂಟೆ ಮಾತ್ರ. ಸಿಲಿಕೋನ್ ಅಥವಾ ರೆಸಿನ್‌ನಿಂದ ಗಾಳಿಗುಳ್ಳೆ ತೆಗೆಯುವವರಿಗೆ ಇದಕ್ಕಿಂತ ಒಳ್ಳೆಯದು ಈ ರೇಟಿಗೆ ಇಲ್ಲ.

ಎಜೆಕ್ಟರ್, ಅಂದರೆ ವೆಂಚುರಿ

ಎರಡನೇ ಸಲ ಇದನ್ನು ತಂದೆ. ಹೆಬ್ಬೆರಳಿನಷ್ಟು ದಪ್ಪ, ಒಳಗೆ ತಿರುಗುವ ವಸ್ತು ಒಂದೂ ಇಲ್ಲ. ಒಂದು ಕಡೆ ಕಂಪ್ರೆಸರ್ ಗಾಳಿ ಕೊಟ್ಟರೆ ಇನ್ನೊಂದು ಕಡೆ ವ್ಯಾಕ್ಯೂಮ್. ಎಣ್ಣೆ ಇಲ್ಲ, ಮೋಟರ್ ಇಲ್ಲ, ಕೂಲಂಟ್ ಬಂದರೆ ಸೈಲೆನ್ಸರಿನಿಂದ ಉಗುಳುತ್ತದೆ ಅಷ್ಟೇ. ಸಣ್ಣ ಚಿಪ್ಸ್ ಹೋಗಿ ನಾಜಲ್ ಕಟ್ಟಿಕೊಂಡರೆ ಬಿಚ್ಚಿ ಊದಿ ಮತ್ತೆ ಹಾಕಿ. ಫೆಸ್ಟೋ, ಎಸ್‌ಎಂಸಿ ತರಹದ ನ್ಯೂಮ್ಯಾಟಿಕ್ಸ್ ಕಂಪನಿಗಳ ಡೀಲರುಗಳು ಇಲ್ಲೇ ಇರೋದರಿಂದ ಸಿಗೋದು ಕಷ್ಟವಲ್ಲ.

ಹಾಗಾದರೆ ಅರ್ಧ ತಪ್ಪು ಅಂದೆನಲ್ಲ, ಯಾಕೆ? ಗಾಳಿ ಪುಕ್ಕಟೆ ಅಲ್ಲ. 1.3 ಎಂಎಂ ನಾಜಲ್ಲಿನ ಎಜೆಕ್ಟರ್ ನಿಮಿಷಕ್ಕೆ 80 ಲೀಟರಿನಷ್ಟು ಕಂಪ್ರೆಸರ್ ಗಾಳಿ ತಿಂದು, ಅದರ ಅರ್ಧದಷ್ಟು ಮಾತ್ರ ಎಳೆಯುತ್ತದೆ. ನಮ್ಮಂಥವರ 5 ಎಚ್‌ಪಿ ಪಿಸ್ಟನ್ ಕಂಪ್ರೆಸರ್ ನಿಜವಾಗಿ ಕೊಡೋದು ನಿಮಿಷಕ್ಕೆ 400ರಿಂದ 450 ಲೀಟರ್. ಐದರಲ್ಲಿ ಒಂದು ಪಾಲನ್ನು ಹೆಬ್ಬೆರಳು ಗಾತ್ರದ ಸಾಮಾನು ನುಂಗುತ್ತದೆ. ಕರೆಂಟ್ ಲೆಕ್ಕದಲ್ಲಿ ಅರ್ಧದಿಂದ ಮುಕ್ಕಾಲು ಕಿಲೋವಾಟ್, ಅದೂ ದಿನವಿಡೀ. ಅದೇ ಅರ್ಧ ಎಚ್‌ಪಿ ಮೋಟರಿನ ವೇನ್ ಪಂಪ್ 370 ವ್ಯಾಟ್‌ನಲ್ಲಿ 140 ಲೀಟರ್ ಎಳೆಯುತ್ತದೆ. ನಮ್ಮ ಕಂಪ್ರೆಸರ್ ಮೊದಲು ಹತ್ತು ನಿಮಿಷಕ್ಕೊಮ್ಮೆ ಚಾಲೂ ಆಗುತ್ತಿದ್ದದ್ದು, ಎಜೆಕ್ಟರ್ ಬಂದ ಮೇಲೆ ನಿಲ್ಲೋದನ್ನೇ ಮರೆತುಬಿಟ್ಟಿತು. ಬೆಸ್ಕಾಂ ಬಿಲ್ ನೋಡಿದ ಮೇಲೆ ನನಗೂ ಗೊತ್ತಾಯಿತು.

ಇನ್ನೊಂದು ತೊಂದರೆ, ವ್ಯಾಕ್ಯೂಮ್ ಹೆಚ್ಚಾದ ಹಾಗೆ ಎಜೆಕ್ಟರ್ ಎಳೆಯುವ ಗಾಳಿ ಸೊನ್ನೆಯ ಕಡೆ ಬೀಳುತ್ತದೆ. ಕ್ಯಾಟಲಾಗಿನಲ್ಲಿ ಮೈನಸ್ 88 ಕಿಲೋಪಾಸ್ಕಲ್ (ಒಂದು ಕಿಲೋಪಾಸ್ಕಲ್ ಅಂದರೆ 10 ಮಿಲಿಬಾರ್; ಹೊರಗಾಳಿಗಿಂತ ಅಷ್ಟು ಕಮ್ಮಿ) ಅಂತ ಇರುತ್ತದೆ, ಅದು ಸಮುದ್ರ ಮಟ್ಟದ ಮಾತು. ಇಲ್ಲಿ ಮೈನಸ್ 79 ಬಂದರೆ ಖುಷಿ ಪಡಿ. ಹಿಡಿಯೋದಕ್ಕೆ ಅಷ್ಟು ಸಾಕು. ಆದರೆ ಸೀಲ್ ಸ್ವಲ್ಪ ಸೋರಿದರೆ ಗೇಜಿನ ಮುಳ್ಳು ಜಾರುತ್ತಾ ಹೋಗುತ್ತದೆ.

ತಿಂಗಳಿಗೆ ಎರಡೋ ಮೂರೋ ದಿನ ವ್ಯಾಕ್ಯೂಮ್ ಕೆಲಸ ಇರುವವರು ಕಣ್ಣು ಮುಚ್ಚಿಕೊಂಡು ಎಜೆಕ್ಟರ್ ತಗೊಳ್ಳಿ. ನಾನ್ ರಿಟರ್ನ್ ವಾಲ್ವೂ (ಗಾಳಿ ವಾಪಸ್ ಬರದಂತೆ ತಡೆಯುವುದು) ವ್ಯಾಕ್ಯೂಮ್ ಸ್ವಿಚ್ಚೂ (ವ್ಯಾಕ್ಯೂಮ್ ಮಟ್ಟ ನೋಡಿ ಆನ್ ಆಫ್ ಆಗುವುದು) ಇರುವ, ವ್ಯಾಕ್ಯೂಮ್ ಬಂದ ಮೇಲೆ ಗಾಳಿ ಬಂದ್ ಮಾಡುವ ಮಾಡೆಲ್ ತಗೊಂಡರೆ ಗಾಳಿ ಖರ್ಚು ಬಹಳ ಉಳಿಯುತ್ತದೆ, ಸೀಲ್ ಗಟ್ಟಿ ಇದ್ದರೆ ಮಾತ್ರ. ದಿನಾ ಓಡಿಸುವವರಿಗೆ ಬೇಡ. ನಮ್ಮಲ್ಲಿ ಈಗ ಅದು ಸ್ಪೇರ್ ಆಗಿ ಗೋಡೆ ಮೇಲೆ ನೇತಾಡುತ್ತಿದೆ.

ಎಣ್ಣೆ ವೇನ್ ಪಂಪ್, ದೊಡ್ಡದು

ನಾನು ಕೊನೆಗೆ ನಿಂತದ್ದು ಇಲ್ಲಿ. ಎಸಿ ಪಂಪಿನ ಒಳಗೂ ವೇನೇ ಇರೋದು, ಜಾತಿ ಒಂದೇ, ಸಂಸಾರ ಬೇರೆ. ಪ್ಯಾಕಿಂಗ್ ಮಷೀನುಗಳಲ್ಲಿ, ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಇರುವಂಥ ಸಿಂಗಲ್ ಸ್ಟೇಜ್ ಪಂಪು. ಗಂಟೆಗೆ 20 ಕ್ಯೂಬಿಕ್ ಮೀಟರ್ ಅಂದರೆ ಒಂದು ವಿಎಂಸಿಗೆ ಧಾರಾಳ. ಮೋಟರ್ ಮುಕ್ಕಾಲರಿಂದ 1 ಎಚ್‌ಪಿ. ಕೊನೆಯ ವ್ಯಾಕ್ಯೂಮ್, ಅಂದರೆ ಒಳಗೆ ಉಳಿಯುವ ಒತ್ತಡ, ಒಂದೆರಡು ಮಿಲಿಬಾರ್, ಕೆಲವು ಮಾಡೆಲ್‌ಗಳಲ್ಲಿ 20. ಸೇಲ್ಸಿನವನು ನಾಚಿಕೆಯಿಂದ 20 ಮಿಲಿಬಾರ್ ಅಂದ, ನಾನು ಅದನ್ನೇ ಕೊಡಿ ಅಂದೆ.

ವ್ಯತ್ಯಾಸ ಇರೋದು ಮೂರು ಕಡೆ. ಎಕ್ಸಾಸ್ಟಿನಲ್ಲಿ ಎಣ್ಣೆ ಹಿಡಿಯುವ ಫಿಲ್ಟರ್ ಎಲಿಮೆಂಟ್ ಇರುತ್ತದೆ, ಹಿಡಿದ ಎಣ್ಣೆ ವಾಪಸ್ ಟ್ಯಾಂಕಿಗೆ ಇಳಿಯುತ್ತದೆ, ಹಾಗಾಗಿ ಹೊಗೆ ಇಲ್ಲ. ಗಾಳಿ ಸತತವಾಗಿ ಹರಿಯುತ್ತಿದ್ದರೂ ಬಿಸಿ ತಡೆಯುವ ಹಾಗೆ ಕಟ್ಟಿರುತ್ತಾರೆ. ಮತ್ತೆ ಗ್ಯಾಸ್ ಬ್ಯಾಲಸ್ಟ್ ಅಂತ ಒಂದು ಸಣ್ಣ ವಾಲ್ವ್ ಇರುತ್ತದೆ. ಅದನ್ನು ತೆರೆದಿಟ್ಟರೆ ಪಂಪ್ ಒತ್ತುವ ಹೊತ್ತಿಗೆ ಸ್ವಲ್ಪ ಹೊರಗಾಳಿ ಒಳಗೆ ಸೇರಿ, ನೀರಿನ ಆವಿ ಎಣ್ಣೆಯಲ್ಲಿ ನೀರಾಗಿ ಇಳಿಯದೆ ಹಾಗೇ ಹೊರಗೆ ಹೋಗುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಪೈಪ್ ಮುಚ್ಚಿ, ಬ್ಯಾಲಸ್ಟ್ ತೆರೆದು ಇಪ್ಪತ್ತು ನಿಮಿಷ ಪಂಪ್ ಓಡಿಸಿ ಬಿಡುತ್ತೇವೆ. ಅಷ್ಟರಲ್ಲಿ ಹುಡುಗರು ಮಷೀನ್ ಒರೆಸಿ ಕಸ ಗುಡಿಸಿರುತ್ತಾರೆ.

ನೆನಪಿಡಿ, ಬ್ಯಾಲಸ್ಟ್ ಆವಿಗೆ ಮಾತ್ರ. ಕೂಲಂಟೇ ದಾರೆಯಾಗಿ ಬಂದರೆ ಇದೂ ಮಜ್ಜಿಗೆ ಮಾಡುತ್ತದೆ. ಟ್ರ್ಯಾಪ್ ಬೇಕೇ ಬೇಕು.

ಎಣ್ಣೆಗೆ ಪಂಪ್ ಕಂಪನಿ ಹೇಳಿದ ಗ್ರೇಡಿನ ವ್ಯಾಕ್ಯೂಮ್ ಪಂಪ್ ಎಣ್ಣೆಯನ್ನೇ ಹಾಕಿ. ಲಾರಿಗೆ ಹಾಕುವ ಇಂಜಿನ್ ಆಯಿಲ್ ಬೇಡ. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ಎಣ್ಣೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ನೀರು ಕೆಳಗೆ ಇಳಿದು ಬೇರೆ ಆಗೋದೇ ಇಲ್ಲ. ಮೂರು ಫೇಸ್ ಮೋಟರ್ ಆದರೆ ಮೊದಲ ಸಲ ಕನೆಕ್ಷನ್ ಕೊಡುವಾಗ ಒಂದು ಕ್ಷಣ ಮಾತ್ರ ಆನ್ ಮಾಡಿ ತಿರುಗುವ ದಿಕ್ಕು ನೋಡಿ. ಉಲ್ಟಾ ತಿರುಗಿದರೆ ಪಂಪ್ ತನ್ನ ಎಣ್ಣೆಯನ್ನು ನಿಮ್ಮ ಫಿಕ್ಸ್ಚರಿಗೇ ಕಳಿಸುತ್ತದೆ.

ವಾಟರ್ ರಿಂಗ್ ಪಂಪ್

ಒದ್ದೆ ಕೆಲಸ ಜಾಸ್ತಿ ಇರುವವರಿಗೆ ಇದು ರಾಜ. ಒಳಗೆ ನೀರೇ ಸೀಲ್, ಹಾಗಾಗಿ ಕೂಲಂಟ್ ಬಂದರೂ ಇದಕ್ಕೆ ಏನೂ ಅನ್ನಿಸೋದಿಲ್ಲ. ಎರಡು ಮೂರು ಮಷೀನಿಗೆ ಒಂದೇ ಲೈನ್ ಹಾಕೋದಾದರೆ ಇದನ್ನು ಯೋಚಿಸಬಹುದು. ವ್ಯಾಕ್ಯೂಮಿನ ಮಿತಿ ನೀರಿನ ಬಿಸಿಯ ಮೇಲೆ ನಿಂತಿದೆ. 30 ಡಿಗ್ರಿಯಲ್ಲಿ ನೀರಿನ ಆವಿಯ ಒತ್ತಡವೇ 42 ಮಿಲಿಬಾರ್, ಅದಕ್ಕಿಂತ ಕೆಳಗೆ ಹೋಗೋದಿಲ್ಲ. ಹಿಡಿತಕ್ಕೆ ಅದೇನೂ ತೊಂದರೆ ಅಲ್ಲ.

ತೊಂದರೆ ಇರೋದು ನೀರಿನದ್ದೇ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಊರು ನಮ್ಮದು. ನೀರನ್ನು ಚರಂಡಿಗೆ ಬಿಡುವ ಸೆಟಪ್ಪಿನ ಮಾತೇ ಬೇಡ, ಟ್ಯಾಂಕ್ ಕಟ್ಟಿ ಅದೇ ನೀರು ತಿರುಗಿಸಬೇಕು. ತಿರುಗಿಸಿದರೆ ನೀರು ಬಿಸಿ ಆಗುತ್ತದೆ, ತಣಿಸೋಕೆ ಮತ್ತೊಂದು ವ್ಯವಸ್ಥೆ. ಬೋರ್‌ವೆಲ್ ನೀರಾದರೆ ಒಳಗೆಲ್ಲ ಬಿಳಿ ಪದರ ಕಟ್ಟಿಕೊಳ್ಳುತ್ತದೆ, ಸ್ನಾನದ ಗೀಸರಿನಲ್ಲಿ ನೋಡಿರುತ್ತೀರಲ್ಲ, ಅದೇ. ಮೇಲಾಗಿ ಅಷ್ಟೇ ಗಾಳಿ ಎಳೆಯೋದಕ್ಕೆ ವೇನ್ ಪಂಪಿಗಿಂತ ಜಾಸ್ತಿ ಕರೆಂಟ್ ತಿನ್ನುತ್ತದೆ. ಒಂದು ಮಷೀನಿನ ಶೆಡ್ಡಿಗೆ ನಾನಂತೂ ಹೇಳೋದಿಲ್ಲ.

ಉಳಿದವು

ಒಣ ವೇನ್ ಪಂಪ್, ಕಾರ್ಬನ್ ವೇನಿನದು, ಎಣ್ಣೆ ಬೇಡ, 100ರಿಂದ 150 ಮಿಲಿಬಾರ್ ತನಕ ಹೋಗುತ್ತದೆ. ಮರದ ಕೆಲಸಕ್ಕೆ, ಪ್ಲಾಸ್ಟಿಕ್ ಶೀಟಿಗೆ ಚೆನ್ನ. ಕೂಲಂಟ್ ತಾಗಿದರೆ ಕಾರ್ಬನ್ ಪುಡಿ ಕೆಸರಾಗಿ ವೇನ್ ಸಿಕ್ಕಿಕೊಳ್ಳುತ್ತದೆ. ಲೋಹದ ಒದ್ದೆ ಕೆಲಸಕ್ಕೆ ಬೇಡ.

ಸೈಡ್ ಚಾನಲ್ ಬ್ಲೋವರ್ ತುಂಬಾ ಗಾಳಿ ಎಳೆಯುತ್ತದೆ ಆದರೆ ಹೊರಗಾಳಿಗೂ ಒಳಗಿಗೂ 200–300 ಮಿಲಿಬಾರ್ ವ್ಯತ್ಯಾಸ ಅಷ್ಟೇ, ದೊಡ್ಡ ಪ್ಲೈವುಡ್ ಶೀಟ್ ಹಿಡಿಯೋದಕ್ಕೆ ಸರಿ.

ಹಳೇ ಫ್ರಿಜ್ಜಿನ ಕಂಪ್ರೆಸರ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಪುಕ್ಕಟೆ ಸಿಗುತ್ತಲ್ಲ. ಲೆಕ್ಕ ಹಾಕಿ. ಒಳಗಿನ ಪಿಸ್ಟನ್ 7 ಸಿಸಿ, ನಿಮಿಷಕ್ಕೆ 2,900 ಸುತ್ತು, ಅಂದರೆ ಬರೋಬ್ಬರಿ 20 ಲೀಟರ್. ವ್ಯಾಕ್ಯೂಮ್ ಚೆನ್ನಾಗೇ ಬರುತ್ತದೆ, ಸೋರಿಕೆ ಒಂಚೂರು ಇದ್ದರೂ ಕೈ ಎತ್ತುತ್ತದೆ. ಜೊತೆಗೆ ಫ್ರಿಜ್ಜಿನಲ್ಲಿ ವಾಪಸ್ ಬರುವ ತಣ್ಣನೆ ಗ್ಯಾಸು ಮೋಟರನ್ನು ತಂಪಾಗಿಡುತ್ತಿತ್ತು, ಇಲ್ಲಿ ಅದಿಲ್ಲ, ಅರ್ಧ ಗಂಟೆಗೆ ಕೈ ಇಡೋಕಾಗದಷ್ಟು ಬಿಸಿ. ಸಣ್ಣ ಡಬ್ಬದಲ್ಲಿ ರೆಸಿನ್ ಗುಳ್ಳೆ ತೆಗೆಯೋದಕ್ಕೆ ಇಟ್ಟುಕೊಳ್ಳಿ.

ಹಾಲು ಕರೆಯುವ ಮಷೀನಿನ ಪಂಪ್ ಗುಜರಿಯಲ್ಲಿ ಸಿಗುತ್ತದೆ, ಕೋಲಾರ, ಮಂಡ್ಯ ಕಡೆ ಸಂಬಂಧಿಕರು ಇದ್ದರಂತೂ ಯಾರದ್ದಾದರೂ ಕೊಟ್ಟಿಗೆಯಲ್ಲಿ ಬಿದ್ದಿರುತ್ತದೆ. ಅದೂ ವೇನ್ ಪಂಪೇ, ಗಾಳಿಯೂ ಚೆನ್ನಾಗಿ ಎಳೆಯುತ್ತದೆ. ಆದರೆ ಹಸುವಿನ ಕೆಚ್ಚಲಿಗೆ 40ರಿಂದ 50 ಕಿಲೋಪಾಸ್ಕಲ್ ಸಾಕು, ಪಂಪೂ ಅಷ್ಟಕ್ಕೇ ಹೊಂದಿದ್ದು. ಹಿಡಿತ ಚದರ ಸೆಂಟಿಮೀಟರಿಗೆ ಅರ್ಧ ಕೆಜಿ. ದೊಡ್ಡ ಪ್ಲೇಟಿಗೆ ಲೈಟಾಗಿ ಫಿನಿಶ್ ಕಟ್ ಹಾಕೋದಾದರೆ ನಡೆಯುತ್ತದೆ, ಎಣ್ಣೆ ಮಾತ್ರ ತೊಟ್ಟಿಕ್ಕುತ್ತಲೇ ಇರುತ್ತದೆ.

ವ್ಯಾಕ್ಯೂಮ್ ಫರ್ನೇಸ್, ಬ್ರೇಜಿಂಗ್, ಕೋಟಿಂಗ್ ಅನ್ನೋದು ಬೇರೆ ಲೋಕ. ಅಲ್ಲಿ ಮೈಕ್ರಾನ್ ನಿಜವಾಗಿಯೂ ಬೇಕು. ಸಣ್ಣ ಶೆಡ್ಡಿನವರು ಅದನ್ನು ಜಾಬ್ ವರ್ಕಿಗೆ ಕೊಡೋದೇ ಸರಿ.

ಪಂಪಿನಷ್ಟೇ ಮುಖ್ಯವಾದ ಸಾಮಾನು

ಟ್ರ್ಯಾಪ್. ಫಿಕ್ಸ್ಚರಿಗೂ ಪಂಪಿಗೂ ಮಧ್ಯೆ ಒಂದು ಗಟ್ಟಿ ಟ್ಯಾಂಕ್. ಮೇಲಿನ ಪಕ್ಕದಿಂದ ಒಳಗೆ, ನೆತ್ತಿಯಿಂದ ಪಂಪಿಗೆ, ತಳದಲ್ಲಿ ಡ್ರೈನ್ ವಾಲ್ವ್. ಹಳೇ ಏರ್ ಕಂಪ್ರೆಸರಿನ 50 ಲೀಟರ್ ಟ್ಯಾಂಕ್ ಗುಜರಿಯಲ್ಲಿ ತಂದು ನಾನು ಮಾಡಿಕೊಂಡೆ. ಅದಕ್ಕೂ ಮೊದಲು ಜಾಣತನ ಮಾಡಿ 20 ಲೀಟರ್ ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದೆ. ಪಂಪ್ ಆನ್ ಮಾಡಿದ ಮೂರನೇ ಸೆಕೆಂಡಿಗೆ ಢಬ್ ಅಂತ ಸದ್ದು, ಕ್ಯಾನ್ ಹಿಂಡಿದ ಬಟ್ಟೆಯ ಹಾಗೆ ಬಿದ್ದಿತ್ತು. ಪೈಪೂ ಅಷ್ಟೇ, ಗಾರ್ಡನ್ ಪೈಪ್ ಒಳಕ್ಕೆ ಅಂಟಿಕೊಳ್ಳುತ್ತದೆ, ಒಳಗೆ ಸ್ಟೀಲ್ ಸ್ಪ್ರಿಂಗ್ ಇರುವ ಸಕ್ಷನ್ ಹೋಸ್ ತಗೊಳ್ಳಿ.

ಟ್ಯಾಂಕಿನಿಂದ ಇನ್ನೊಂದು ಉಪಕಾರ ಇದೆ. ಅದರ ಮತ್ತು ಪಂಪಿನ ಮಧ್ಯೆ ನಾನ್ ರಿಟರ್ನ್ ವಾಲ್ವ್ ಹಾಕಿದ್ದರೆ ಪಂಪ್ ನಿಂತರೂ ವ್ಯಾಕ್ಯೂಮ್ ಒಂದಷ್ಟು ಹೊತ್ತು ಉಳಿಯುತ್ತದೆ. ನಿಮಿಷಕ್ಕೆ 10 ಲೀಟರ್ ಸೋರುತ್ತಿದೆ ಅಂದುಕೊಂಡರೂ 50 ಲೀಟರ್ ಟ್ಯಾಂಕಿನಲ್ಲಿ ಒತ್ತಡ ಏರೋದು ನಿಮಿಷಕ್ಕೆ 180 ಮಿಲಿಬಾರ್. ಸ್ಪಿಂಡಲ್ ನಿಲ್ಲಿಸೋಕೆ ಬೇಕಾದಷ್ಟು ಸಮಯ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಒಂದು ಮಧ್ಯಾಹ್ನ ಹೆಲ್ಪರ್ ಹುಡುಗನಿಗೆ ಗ್ರೈಂಡರ್ ಹಾಕೋಕೆ ಪ್ಲಗ್ ಬೇಕಿತ್ತು. ಖಾಲಿ ಪಾಯಿಂಟ್ ಕಾಣಲಿಲ್ಲ. ಎಸಿ ಪಂಪಿನ ಪ್ಲಗ್ ಕಿತ್ತು ಗ್ರೈಂಡರ್ ಹಾಕಿದ. ಆಗ ಟ್ಯಾಂಕೂ ಇರಲಿಲ್ಲ, ವಾಲ್ವೂ ಇರಲಿಲ್ಲ. ಮಷೀನ್ ತನ್ನ ಪಾಡಿಗೆ ಕಟ್ ಮಾಡುತ್ತಾ ಇತ್ತು. ಪ್ಲೇಟ್ ಒಂದು ಮೂಲೆ ಎತ್ತಿತು, ಕಟರ್ ಅದನ್ನು ಹಿಡಿದು ತಿರುಗಿಸಿ ಡೋರಿಗೆ ಬಡಿಯಿತು. ಡೋರಿನ ಗಾಜಿನಲ್ಲಿ ಇವತ್ತಿಗೂ ಗೀರು ಇದೆ. ಡೋರ್ ಮುಚ್ಚಿತ್ತು, ಅದೇ ಪುಣ್ಯ.

ಅವತ್ತೇ ಸಂಜೆ ವ್ಯಾಕ್ಯೂಮ್ ಸ್ವಿಚ್ ತಂದು ಮಷೀನಿನ ಫೀಡ್ ಹೋಲ್ಡಿಗೆ ಕನೆಕ್ಷನ್ ಕೊಡಿಸಿದೆ. ವ್ಯಾಕ್ಯೂಮ್ 500 ಎಂಎಂ ಕೆಳಗೆ ಬಿದ್ದರೆ ಫೀಡ್, ಅಂದರೆ ಕಟ್ ಮುಂದೆ ಸಾಗೋದು, ನಿಲ್ಲುತ್ತದೆ. ಪಂಪಿಗೆ ಪ್ಲಗ್ ತೆಗೆದು ನೇರ ಎಂಸಿಬಿ ಹಾಕಿಸಿದೆ. ಪಂಪಿಗೆ ಖರ್ಚು ಮಾಡಿ ಸ್ವಿಚ್ಚಿಗೆ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತಗೊಳ್ಳುವಾಗ ಕೇಳೋದು, ಹಳೇದಾದರೆ ನೋಡೋದು

ಹೊಸದಾದರೆ ಅಂಗಡಿಯವರನ್ನು ಹೀಗೆ ಕೇಳಿ: 200 ಮಿಲಿಬಾರಿನಲ್ಲಿ ದಿನವಿಡೀ ಓಡಿಸಬಹುದಾ? ಆ ಒತ್ತಡದಲ್ಲಿ ಎಷ್ಟು ಲೀಟರ್ ಎಳೆಯುತ್ತದೆ? ವೇನ್ ಸೆಟ್ಟು, ಎಕ್ಸಾಸ್ಟ್ ಫಿಲ್ಟರ್ ಇಲ್ಲೇ ಸ್ಟಾಕ್ ಇದೆಯಾ, ರೇಟ್ ಎಷ್ಟು? ಎಷ್ಟೋ ಜನ ಪಂಪನ್ನು ಅಗ್ಗಕ್ಕೆ ಕೊಟ್ಟು ಫಿಲ್ಟರಿನಲ್ಲಿ ವಸೂಲಿ ಮಾಡುತ್ತಾರೆ. ಮೊದಲ ಎರಡು ಪ್ರಶ್ನೆಗೆ ಅವರು ಮತ್ತೆ ಮೈಕ್ರಾನ್ ಬಗ್ಗೆಯೇ ಮಾತಾಡಿದರೆ ಬೇರೆ ಅಂಗಡಿ ನೋಡಿ.

ನಾನು ತಂದದ್ದು ಸೆಕೆಂಡ್ ಹ್ಯಾಂಡ್, ಮುಚ್ಚಿಹೋದ ಒಂದು ಪ್ಯಾಕಿಂಗ್ ಯೂನಿಟ್ಟಿನಿಂದ. ಸೇಲ್ಸಿನವನ ಹೊಸದರ ರೇಟ್ ಕೇಳಿದ ಮೇಲೆ ಅದೇ ಮಾಡೆಲ್ಲಿನ ಹಳೇದನ್ನು ಹುಡುಕಿದೆ ಅನ್ನಿ. ಹಳೇದು ನೋಡೋಕೆ ಹೋಗುವಾಗ ನಿಮ್ಮದೇ ಗೇಜು, ನಿಮ್ಮದೇ ಟ್ಯಾಂಕ್ ತಗೊಂಡು ಹೋಗಿ. ಮೊದಲು ಸೈಟ್ ಗ್ಲಾಸ್ ನೋಡಿ. ಎಣ್ಣೆ ಕಪ್ಪಾಗಿದ್ದರೆ ಪರವಾಗಿಲ್ಲ, ಬಿಳಿ ಇದ್ದರೆ ಒಳಗೆ ತುಕ್ಕು ಇರಬಹುದು. ಎಣ್ಣೆ ಹೊಚ್ಚ ಹೊಸದಾಗಿದ್ದರೂ ಸ್ವಲ್ಪ ಅನುಮಾನ ಪಡಿ. ಬಾಯಿ ಮುಚ್ಚಿ ಓಡಿಸಿ, ಗೇಜು 660 ದಾಟಬೇಕು. ಆಮೇಲೆ 50 ಲೀಟರ್ ಟ್ಯಾಂಕ್ ಕಟ್ಟಿ ಮೊಬೈಲಿನಲ್ಲಿ ಟೈಮ್ ಹಿಡಿಯಿರಿ. 330 ಲೀಟರಿನ ಪಂಪ್ ಆದರೆ ಗೇಜು 600 ಎಂಎಂ ತಲುಪೋಕೆ 20 ಸೆಕೆಂಡ್ ಸಾಕು, 140 ಲೀಟರಿನದು 45 ಸೆಕೆಂಡ್ ಆಸುಪಾಸು. ಅದರ ಎರಡರಷ್ಟು ತಗೊಂಡರೆ ವೇನ್ ಸವೆದಿದೆ ಅಂತಲೇ ಲೆಕ್ಕ. ಒಂದು ಗಂಟೆ ಬಿಸಿ ಆಗೋದಕ್ಕೆ ಬಿಟ್ಟು ಇದನ್ನೇ ಇನ್ನೊಮ್ಮೆ ಮಾಡಿ. ಮಾರುವವರು ಟೀ ಕುಡಿಯೋಣ ಬನ್ನಿ ಅಂತ ಆಚೆ ಕರೆಯುತ್ತಾರೆ, ಹೋಗಿ, ಆದರೆ ಪಂಪ್ ಆಫ್ ಮಾಡೋಕೆ ಬಿಡಬೇಡಿ. ವಾಪಸ್ ಬಂದು ಎಕ್ಸಾಸ್ಟಿನ ಮುಂದೆ ಒಂದು ಬಿಳಿ ಕಾಗದ ಹಿಡಿಯಿರಿ. ಎಣ್ಣೆ ಚುಕ್ಕೆ ಬಿದ್ದರೆ ಫಿಲ್ಟರ್ ಹೋಗಿದೆ, ಅಷ್ಟು ದುಡ್ಡು ರೇಟಿನಲ್ಲಿ ಕಮ್ಮಿ ಮಾಡಿಸಿ.